"ಗಳು" ಬಂದ್ರೆ ಕಾಮಾ ಬ್ಯಾಡ

ಹೋದ ತಿಂಗಳು ಬಳ್ಳಾರಿಗೆ ಹೋದಾಗ ಮಾವನ ಜೀನ್ಸ್ ಯೂನಿಟ್‌ಗೆ ಹೋಗಿದ್ದೆ. ಸಣ್ಣ ಶೆಡ್ಡು, ಹತ್ತು ಮಿಷನ್ನು. ಹೊಸ ಲೇಬಲ್ ಬಂಡಲ್ ಆಗಷ್ಟೇ ಬಿಚ್ಚಿದ್ದರು. ಕಪ್ಪು ಪಟ್ಟಿ, ಬಂಗಾರದ ಬಣ್ಣದ ದಾರದಲ್ಲಿ ನೇಯ್ದ ಇಂಗ್ಲಿಷ್ ಅಕ್ಷರ. ಮೇಲಿನ ಸಾಲಿನಲ್ಲಿ "ಮೆನ್ಸ್’", ಕೆಳಗಿನ ಸಾಲಿನಲ್ಲಿ "ಜೀನ್’ಸ್". ಎರಡೂ ತಪ್ಪು. ಎರಡು ಸಾವಿರ ಲೇಬಲ್ಲು.

"ಮಾವ, ಹಿಂಗೆ ಬರೆದ್ರೆ ಇದು ಜೀನ್ ಅನ್ನೋ ಹೆಣ್ಮಗಳ ಪ್ಯಾಂಟ್ ಆಗ್ತದೆ" ಅಂದೆ.

"ಯಾರದ್ದಾದ್ರೂ ಆಗ್ಲಿ ಬಿಡಪ್ಪ. ಸೊಂಟದ ಒಳಗಡೆ ಹೊಲಿಯೋದು, ಯಾರು ನೋಡ್ತಾರೆ?"

ಜಾಸ್ತಿ ಮಾತಾಡಲು ನನಗೂ ಬಾಯಿರಲಿಲ್ಲ. ಆ ಡಿಸೈನ್ ವಾಟ್ಸಾಪ್‌ನಲ್ಲಿ ಮೊದಲು ನನಗೇ ಬಂದಿತ್ತು. ಬಸ್ಸಿನಲ್ಲಿ ಕೂತು, ಸರಿಯಾಗಿ ನೋಡದೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸಿದ್ದೆ.

ಡಿಸೈನ್ ಮಾಡಿದ ಹುಡುಗನನ್ನು ಕೇಳಿದೆ. ಅವನ ಉತ್ತರ ಬಹಳ ಸರಳ. "ಅಣ್ಣಾ, ಎಸ್ ಬಂತಂದ್ರೆ ಮ್ಯಾಲೊಂದು ಕಾಮಾ ಇರಬೇಕಲ್ಲ? ಇಲ್ಲಾಂದ್ರೆ ಇಂಗ್ಲಿಷ್ ಅನ್ಸೋದೇ ಇಲ್ಲ." ಅವನನ್ನು ಬೈಯಲು ಮನಸ್ಸಾಗಲಿಲ್ಲ. ನಮಗೆ ಶಾಲೆಯಲ್ಲಿ ಈ ಮೇಲಿನ ಕಾಮಾ, ಅಂದ್ರೆ ಅಪಾಸ್ಟ್ರಫಿ, ಕಲಿಸಿದ್ದೂ ಹಾಗೆಯೇ ಅಲ್ವಾ? ಅದು ಯಾಕೆ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ಅದೇ ಹೊತ್ತಿಗೆ ಪಕ್ಕದ ಕನ್ನಡ ಪಿರಿಯಡ್‌ನಲ್ಲಿ ಲೋಪಸಂಧಿ ಬಾಯಿಪಾಠ ನಡೆದಿತ್ತು. ಊರು ಊರು ಸೇರಿ ಊರೂರು, ಮಾತು ಇಲ್ಲ ಸೇರಿ ಮಾತಿಲ್ಲ. ನಡುವಿನ "ಉ" ಬಿದ್ದುಹೋಯಿತು. ಇಂಗ್ಲಿಷಿನ ಆ ಕಾಮಾ ಮೂಲದಲ್ಲಿ ಇಂಥದ್ದೇ ಲೋಪದ ಗುರುತು. ಡು ನಾಟ್ ಸೇರಿ ಡೋಂಟ್ ಆದಾಗ "ಓ" ಬಿತ್ತು, ಅಲ್ಲೊಂದು ಗುರುತು. ನಾವು ಅಕ್ಷರ ಬಿದ್ದರೂ ಗುರುತು ಇಡುವುದಿಲ್ಲ, ಅವರು ಇಡುತ್ತಾರೆ, ಅಷ್ಟೇ. ಇಡುವ ಪದ್ಧತಿ ನಮಗೆ ಪೂರ್ತಿ ಹೊಸದೂ ಅಲ್ಲ. ಶ್ಲೋಕದ ಪುಸ್ತಕದಲ್ಲಿ "ಶಿವೋಽಹಂ" ನೋಡಿರುತ್ತೀರಿ. ನಡುವೆ ಇರುವ ಆ ಅವಗ್ರಹ "ಅಹಂ"ನ "ಅ" ಬಿದ್ದುಹೋಗಿದೆ ಅಂತ ಹೇಳುತ್ತದೆ.

ಈ ಗುರುತು ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ, ಫ್ರೆಂಚಿನಿಂದ. ಒಡೆತನದ ಕಾಮಾದ ಹಿಂದೆಯೂ ಲೋಪವೇ ಇದೆ. ಹಳೆ ಇಂಗ್ಲಿಷಿನಲ್ಲಿ "ಇಂಥವನ" ಅನ್ನಲು ಬಹಳ ಪದಗಳ ಕೊನೆಗೆ "ಇ", "ಎಸ್" ಎರಡಕ್ಷರ ಹಚ್ಚುತ್ತಿದ್ದರು. ಬರಬರುತ್ತಾ "ಇ" ಬಿತ್ತು, ಕಾಮಾ ಬಂತು.

ನಮಗೆ ಗೊಂದಲ ಆಗೋದು ಎಸ್‌ನಿಂದ. ಕನ್ನಡದಲ್ಲಿ "ಗಳು" ಬೇರೆ, "ನ, ದ" ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಎಸ್. ಹಾಗಾಗಿ ಹುಡುಗನಿಗೆ ಹೇಳಿದೆ, ಮೊದಲು ಕನ್ನಡದಲ್ಲಿ ಅಂದುಕೋ. "ಗಳು" ಬಂದ್ರೆ ಕಾಮಾ ಬೇಡ. "ಯಾರದ್ದು" ಅಂತ ಕೇಳಿದ್ರೆ ಉತ್ತರ ಬರ್ತದಾ? ಹಾಗಾದ್ರೆ ಆ ಉತ್ತರದ ಪದ ಪೂರ್ತಿ ಬರೆದು, ಆಮೇಲೆ ಕಾಮಾ ಹಾಕು. ಗಂಡಸರದ್ದು ಅಂದ್ರೆ ಮೆನ್, ಆಮೇಲೆ ಕಾಮಾ, ಆಮೇಲೆ ಎಸ್. ಮಕ್ಕಳದ್ದು ಅಂದ್ರೆ ಕಿಡ್ಸ್ ಅಂತ ಪೂರ್ತಿ ಬರೆದು ಕೊನೆಗೆ ಕಾಮಾ. "ಅದರ" ಅನ್ನೋ ಇಟ್ಸ್ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಹಿಸ್‌ಗೆ ಹೇಗೆ ಕಾಮಾ ಇಲ್ಲವೋ ಅದಕ್ಕೂ ಇಲ್ಲ. "ಇಟ್ ಈಸ್", "ಇಟ್ ಹ್ಯಾಸ್" ಕುಗ್ಗಿದಾಗ ಮಾತ್ರ ಹಾಕಬೇಕು. ನಾನೂ ಇದರಲ್ಲಿ ಇನ್ನೂ ಎಡವುತ್ತೇನೆ.

ಇನ್ನು ನಮ್ಮ ಪ್ರೀತಿಯ "90’ಸ್ ಕಿಡ್ಸ್". ಬಿದ್ದಿದ್ದು 19, ಅದು ಇದ್ದದ್ದು 90ರ ಮುಂದೆ. ಕಾಮಾ ಅಲ್ಲಿರಬೇಕು. ಹೇಳಿದರೆ ಯಾರು ಕೇಳ್ತಾರೆ!

ಇಂಗ್ಲಿಷರ ನಾಡಿನಲ್ಲೇ ಯಾರೂ ಕೇಳಲಿಲ್ಲ. ಜಾನ್ ರಿಚರ್ಡ್ಸ್ ಅಂತ ಒಬ್ಬ ನಿವೃತ್ತ ಪತ್ರಕರ್ತರು 2001ರಲ್ಲಿ ಈ ಗುರುತನ್ನು ಉಳಿಸಲಿಕ್ಕೆಂದೇ ಒಂದು ಸಂಘ ಕಟ್ಟಿದ್ದರು. 2019ರಲ್ಲಿ, 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವು ಅಂತ ಹೇಳಿ ಬಾಗಿಲು ಹಾಕಿದರು. ಬೇಡದ ಕಡೆ ಹಾಕೋ ಕಾಮಾಕ್ಕೆ ಅಲ್ಲಿ "ತರಕಾರಿ ಅಂಗಡಿಯವನ ಅಪಾಸ್ಟ್ರಫಿ" ಅಂತ ಹೆಸರೇ ಇದೆ. ಬಡ ವ್ಯಾಪಾರಿಯ ಹೆಸರನ್ನು ತಪ್ಪಿಗೆ ಅಂಟಿಸೋದು ನನಗೆ ಸೇರಲ್ಲ. ಅಂಗಡಿ ಬೋರ್ಡ್ ನೋಡಿ ನಗೋದೂ ಅಷ್ಟೇ. ಆದರೆ ಇಂಗ್ಲಿಷ್ ಕಲಿಸ್ತೀವಿ ಅಂತ ಸಾವಿರಗಟ್ಟಲೆ ಫೀಸು ಎಣಿಸಿಕೊಳ್ಳೋ ಶಾಲೆಯೊಂದು ಆಳೆತ್ತರದ ಫ್ಲೆಕ್ಸ್‌ನಲ್ಲಿ "ಅಡ್ಮಿಷನ್’ಸ್ ಓಪನ್" ಅಂತ ಹಾಕಿದ್ದು ಕಂಡಾಗ ಮಾತ್ರ ಹೊಟ್ಟೆ ಉರೀತು.

ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಹೋಟೆಲ್ ಬೋರ್ಡ್ ಕೆಲಸ ಬಂದಿದೆಯಂತೆ.

"ಅಣ್ಣಾ, ಟಿಫಿನ್ಸ್‌ಗೆ ಕಾಮಾ ಬೇಕಾ?"

"ಕನ್ನಡದಲ್ಲಿ ಏನಾಗ್ತದೆ ಹೇಳು."

"ಗಳು... ಹಂಗಾರೆ ಬ್ಯಾಡ." ಒಂದು ಗಳಿಗೆ ಸುಮ್ಮನಿದ್ದ. "ಆದ್ರೆ ಓನರು ಕಾಮಾ ಇದ್ರೇನೇ ಚೆಂದ ಅಂತಾರಣ್ಣ."

"ಹಂಗಿದ್ರೆ ಹಾಕಿಬಿಡಪ್ಪ" ಅಂದೆ.