ತೋರಿಸಬೇಡಿ, ಹುಡುಕಲು ಬಿಡಿ

ಪ್ರತಿ ದಸರಾ ರಜೆಗೆ ನಮ್ಮನೆ ತುಂಬ ಮಕ್ಕಳು. ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಅವರ ಸ್ನೇಹಿತರು. ಅವರಿಗೆಲ್ಲ ಮೈಸೂರು ತೋರಿಸುವ ಕೆಲಸ ನನ್ನದು. ಎಷ್ಟೋ ವರ್ಷ ಅದನ್ನು ನಾನು ಒಂದೇ ರೀತಿ ಮಾಡಿದೆ. ಮುಂದೆ ನಡೆಯುವುದು, ಕೈ ತೋರಿಸುವುದು, ಇಸವಿ ಹೇಳುವುದು. 'ಇದು ಅರಮನೆ, 1912ರಲ್ಲಿ ಕಟ್ಟಿ ಮುಗಿಸಿದ್ದು.' 'ಇದು ದೊಡ್ಡ ಗಡಿಯಾರ, 1927ರದ್ದು.' ಮಕ್ಕಳು ತಲೆ ಆಡಿಸುತ್ತಿದ್ದರು. ಸಂಜೆ ಕೇಳಿದರೆ ಐಸ್‌ಕ್ರೀಮ್ ಎಲ್ಲಿ ತಿಂದೆವು ಅನ್ನುವುದು ಮಾತ್ರ ನೆನಪಿರುತ್ತಿತ್ತು. ತಪ್ಪು ಮಕ್ಕಳದ್ದಲ್ಲ.

ಈ ಸಲ ಬೇರೆ ಮಾಡಿದೆ. ಜಿಯೋಕ್ಯಾಶಿಂಗ್ ಅಂತ ಒಂದು ಆಟ ಇದೆ, ಉಪಗ್ರಹದ ನೆರವಿನಿಂದ ಜಾಗ ತೋರಿಸುವ ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವುದು. ಮೊದಲು ಜಿಪಿಎಸ್‌ನಲ್ಲಿ ಜನಸಾಮಾನ್ಯರಿಗೆ ಜಾಗ ಕರಾರುವಾಕ್ಕಾಗಿ ಸಿಗುತ್ತಿರಲಿಲ್ಲ. ಅಮೆರಿಕ ಸರ್ಕಾರ ಬೇಕೆಂದೇ ಅದರಲ್ಲಿ ತಪ್ಪು ಬೆರೆಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್‌ನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲದಲ್ಲಿ ಹಾಕಿದ. ಹುಡುಕಿಕೊಂಡು ಹೋಗಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಬನ್ನಿ, ಇಷ್ಟೇ ಆಟ. ಈಗ ಪ್ರಪಂಚದ ತುಂಬ ಆಡುತ್ತಾರೆ. ಅದರಲ್ಲಿ ನನಗೆ ಇಷ್ಟವಾದದ್ದು ಮಲ್ಟಿ ಕ್ಯಾಶ್. ಒಂದು ಜಾಗಕ್ಕೆ ಹೋದರೆ ಅಲ್ಲಿ ಮುಂದಿನ ಜಾಗದ ಸುಳಿವು, ಅಲ್ಲಿಂದ ಇನ್ನೊಂದು. ಪೆಟ್ಟಿಗೆ ಇರುವುದು ಕೊನೆಯ ಜಾಗದಲ್ಲಿ.

ಒಂಬತ್ತು ಮಕ್ಕಳು, ಮೂರು ತಂಡ, ತಂಡಕ್ಕೊಬ್ಬರು ದೊಡ್ಡವರು. ದೊಡ್ಡವರು ಬಾಯಿ ಬಿಡಬಾರದು, ರಸ್ತೆ ದಾಟುವಾಗ ಮಾತ್ರ ಕೈ ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು, ಗಾಡಿಗಳ ಓಡಾಟ ಕಮ್ಮಿ ಇರುತ್ತದೆ ಅಂತ. ಎಲ್ಲ ಜಾಗವೂ ನಡೆದೇ ಮುಗಿಸುವಷ್ಟು ಹತ್ತಿರ.

ಮೊದಲ ಚೀಟಿಯಲ್ಲಿ ಅಕ್ಷಾಂಶ ರೇಖಾಂಶವನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದೆ. ೧೨ ಡಿಗ್ರಿ ೧೮ ನಿಮಿಷ ಅಂತ ಶುರುವಾಗುವ ಉದ್ದದ ಸಾಲು. ಮಕ್ಕಳಿಗೆ ಓದಲು ಬರಲಿಲ್ಲ. ಒಂಬತ್ತರಲ್ಲಿ ಏಳು ಮಕ್ಕಳಿಗೆ ಕನ್ನಡ ಅಂಕಿ ಪೂರ್ತಿ ಗೊತ್ತಿರಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು, ಮನಸ್ಸಿಗೆ ಚುಚ್ಚುತ್ತಲೂ ಇತ್ತು. ಪಕ್ಕದಲ್ಲಿ ಒಂದೇ ಸಾಲಿನ ಸುಳಿವು: 'ಬೀಗದ ಕೈ 75 ಅಡಿ ಎತ್ತರದ ಗೋಪುರದ ಮೇಲಿದೆ.'

ಮೂರೂ ತಂಡ ಸೇರಿದ್ದು ದೊಡ್ಡ ಗಡಿಯಾರದ ಎದುರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ ಕಟ್ಟಿದ ಗೋಪುರ ಅದು. ಮುಖದ ಮೇಲಿರುವುದು ಕನ್ನಡ ಅಂಕಿ. ನಾವು ಮೈಸೂರಿನವರು ದಿನಾ ಅದರ ಕೆಳಗೇ ಓಡಾಡುತ್ತೇವೆ, ತಲೆ ಎತ್ತಿ ನೋಡುವುದು ಅಪರೂಪ ಅಲ್ವಾ? ಮಕ್ಕಳು ನಿಂತು ನೋಡಿದರು. ಮೊದಲು ಹೊಳೆದದ್ದು ಎಲ್ಲರಿಗಿಂತ ಚಿಕ್ಕವಳಿಗೆ. ಗಡಿಯಾರದಲ್ಲಿ ಮೂರು ಎಲ್ಲಿರುತ್ತದೆ ಅಂತ ಗೊತ್ತಿದ್ದರೆ ಸಾಕು, ಆ ಜಾಗದಲ್ಲಿರುವುದೇ ೩. ಹತ್ತರ ಜಾಗದಲ್ಲಿ ಸೊನ್ನೆಯೂ ಸಿಕ್ಕಿತು. ಹತ್ತು ಅಂಕಿಯೂ ಒಂದೇ ಮುಖದ ಮೇಲಿವೆ! ಕಾಲು ಗಂಟೆಯಲ್ಲಿ ಕನ್ನಡ ಅಂಕಿ ಕಲಿತರು. ನಾನು ಒಂದು ಮಾತೂ ಹೇಳಿರಲಿಲ್ಲ. ಆ ಬೆಳಿಗ್ಗೆ ಅಲ್ಲಿ ನಿಂತು ನನಗಾದ ಖುಷಿಯನ್ನು ಇಲ್ಲಿ ಬರೆಯಲು ಆಗುತ್ತಿಲ್ಲ.

ಒಂದು ತಂಡ ೬ ಮತ್ತು ೯ರಲ್ಲಿ ಎಡವಿತು. ನಿಮಿಷದ ಎರಡನೇ ದಶಾಂಶದಲ್ಲಿ ಆರರ ಬದಲು ಒಂಬತ್ತು ಬರೆದುಕೊಂಡರು. ಅಕ್ಷಾಂಶದ ಒಂದು ನಿಮಿಷ ಅಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಹಾಗಾಗಿ ಅವರು ಹೋಗಬೇಕಾದ ಜಾಗಕ್ಕಿಂತ 55 ಮೀಟರ್ ಉತ್ತರಕ್ಕೆ ಹೋಗಿ, ಒಂದು ಮುಚ್ಚಿದ ಶಟರ್ ಮುಂದೆ ನಿಂತಿದ್ದರು. ಹತ್ತು ನಿಮಿಷ ಅಲ್ಲೇ ಹುಡುಕಿದ್ದಾರೆ. ಆಮೇಲೆ ಅಣ್ಣನ ಮಗ ಗಡಿಯಾರಕ್ಕೆ ವಾಪಸ್ ಓಡಿ ಎರಡೂ ಅಂಕಿಯನ್ನು ಮತ್ತೆ ನೋಡಿಕೊಂಡು ಬಂದ. ಇನ್ನು ಅವನು ಜೀವಮಾನದಲ್ಲಿ ಈ ಎರಡನ್ನು ಅದಲುಬದಲು ಮಾಡುವುದಿಲ್ಲ.

ಎರಡನೇ ಜಾಗ ಪಕ್ಕದ ಪುರಭವನ, ಅಂದರೆ ರಂಗಾಚಾರ್ಲು ಸ್ಮಾರಕ ಭವನ. 1884ರದ್ದು. ಇಲ್ಲಿ ಮೊದಲು ಇಸವಿಯನ್ನೇ ಪ್ರಶ್ನೆ ಮಾಡೋಣ ಅಂದುಕೊಂಡಿದ್ದೆ, ಆಮೇಲೆ ಕೈಬಿಟ್ಟೆ. ಇಸವಿ ಫೋನಿನಲ್ಲಿ ಸಿಗುತ್ತದೆ, ಮನೆಯಲ್ಲಿ ಕೂತೇ ಉತ್ತರಿಸಬಹುದು. ಮುಂಭಾಗದ ಕಂಬಗಳನ್ನು ಎಣಿಸಿ ಅಂದೆ. ಅದಕ್ಕೆ ಅಲ್ಲಿಗೇ ಹೋಗಿ ನಿಲ್ಲಬೇಕು. ಎಣಿಸುತ್ತಾ ಒಬ್ಬಳು 'ರಂಗಾಚಾರ್ಲು ಯಾರು ಅತ್ತೆ?' ಅಂದಳು. ದಿವಾನರು, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದವರು ಅಂದೆ. ಇಷ್ಟು ವರ್ಷ ನಾನು ಯಾರೂ ಕೇಳದೆ ಹೇಳುತ್ತಿದ್ದ ವಿಷಯವನ್ನು ಮೊದಲ ಸಲ ಒಂದು ಮಗು ತಾನಾಗಿ ಕೇಳಿತು.

ಚಾಮರಾಜ ವೃತ್ತದಲ್ಲಿ ಪ್ರತಿಮೆಯ ಮುಖ ಯಾವ ದಿಕ್ಕಿಗಿದೆ ಅನ್ನುವುದು ಪ್ರಶ್ನೆ. ಸೂರ್ಯ ಹುಟ್ಟಿದ ಕಡೆ ನೋಡಿ ಲೆಕ್ಕ ಹಾಕಿದರು. ಬೇಗ ಮುಗಿಯಿತು.

ಮಾರ್ಕೆಟ್‌ನಲ್ಲಿ ನನ್ನ ಯೋಜನೆ ಕೆಟ್ಟಿತು. ಮಕ್ಕಳು ಹೂವಿನವರನ್ನು ಮಾತಾಡಿಸಲಿ ಅಂತ ಆಸೆ ನನಗೆ. ಮೈಸೂರು ಮಲ್ಲಿಗೆಗೂ, ಮೈಸೂರು ವೀಳ್ಯದೆಲೆಗೂ ಭೌಗೋಳಿಕ ಸೂಚ್ಯಂಕದ, ಅಂದರೆ ಈ ಊರಿನದೇ ವಿಶೇಷ ಅನ್ನುವ, ಮಾನ್ಯತೆ ಇದೆ, ಆದರೆ ನಮ್ಮ ಮಕ್ಕಳು ಹೂವು ಅಳೆಯುವುದನ್ನೇ ಸರಿಯಾಗಿ ನೋಡಿಲ್ಲ. ಹಾಗಾಗಿ 'ಒಂದು ಮಾರಿಗೆ ಎಷ್ಟು ಮೊಳ, ಕೇಳಿಕೊಂಡು ಬನ್ನಿ' ಅಂತ ಬರೆದಿದ್ದೆ. ಎರಡೂ ಕೈ ಚಾಚಿದಷ್ಟು ಒಂದು ಮಾರು, ಅದಕ್ಕೆ ನಾಲ್ಕು ಮೊಳ ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದು. ಒಂದು ತಂಡಕ್ಕೆ ನಾಲ್ಕು ಅನ್ನುವ ಉತ್ತರ ಸಿಕ್ಕಿತು. ಇನ್ನೊಂದು ತಂಡಕ್ಕೆ ಹೂವಿನಮ್ಮ ಎರಡು ಅಂದರು, ಅಳೆದೂ ತೋರಿಸಿದರು. ಆ ಉತ್ತರ ಸೇರಿಸಿಯೇ ಮುಂದಿನ ಜಾಗವನ್ನು ಲೆಕ್ಕ ಹಾಕಬೇಕಿತ್ತು. ಲೆಕ್ಕ ತಪ್ಪಿತು, ದಾರಿ ತಪ್ಪಿತು. ಮೂರನೇ ತಂಡ ಪ್ರಶ್ನೆಯನ್ನೇ ಮರೆತು ಅವರ ಹತ್ತಿರ ಕಟ್ಟುವುದನ್ನು ಕಲಿಯುತ್ತಾ ಕೂತಿತ್ತು! ಕೊನೆಗೆ ನಾನೇ ಫೋನ್ ಮಾಡಿ ಸರಿಪಡಿಸಿದೆ. ಸುಳಿವಿಗೆ ಒಂದೇ ಉತ್ತರ ಇರಬೇಕು, ಬರೆಯುವ ಮೊದಲು ಇಬ್ಬರನ್ನಾದರೂ ಕೇಳಬೇಕು. ಆದರೂ ಆ ಪ್ರಶ್ನೆಯನ್ನು ಹಾಕಬಾರದಿತ್ತು ಅಂತ ನನಗೆ ಅನ್ನಿಸುತ್ತಿಲ್ಲ. ಮುಂದಿನ ಸಲ ಉತ್ತರವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ಅಷ್ಟೇ.

ಜಗನ್ಮೋಹನ ಅರಮನೆಯ ಹತ್ತಿರ ಕೊನೆಯ ಸುಳಿವು. ಅಲ್ಲಿಂದ ಶಿವರಾಂಪೇಟೆಯ ಪರಿಚಯದವರ ಗ್ರಂಧಿಗೆ ಅಂಗಡಿ. ಪೆಟ್ಟಿಗೆಯಲ್ಲಿ ಒಂದು ನೋಟ್‌ಪುಸ್ತಕ, ಪೆನ್ಸಿಲ್, ಒಂಬತ್ತು ಬುಗುರಿ. ಎಲ್ಲರೂ ಹೆಸರು ಬರೆದರು. ತಾರೀಖನ್ನು ಕನ್ನಡ ಅಂಕಿಯಲ್ಲೇ ಬರೆದರು, ಯಾರೂ ಹೇಳಿಕೊಡದೆ.

ಪೆಟ್ಟಿಗೆಯನ್ನು ಅಂಗಡಿಯಲ್ಲಿ ಯಾಕಿಟ್ಟೆ ಅಂತ ಹೇಳಲೇಬೇಕು. ಅರಮನೆಯ ಸುತ್ತ, ಜನ ಓಡಾಡುವ ಜಾಗದಲ್ಲಿ ವಾರಸುದಾರರಿಲ್ಲದ ಡಬ್ಬಿ ಇಡುವುದು ತಪ್ಪು. ನೋಡಿದವರು ಗಾಬರಿಯಾಗುತ್ತಾರೆ, ಪೊಲೀಸರಿಗೂ ತೊಂದರೆ. ಹಳೆಯ ಕಟ್ಟಡದ ಸಂದಿಯಲ್ಲಿ ತುರುಕುವುದು, ಕಲ್ಲು ಎಬ್ಬಿಸುವುದು, ನೆಲ ಅಗೆಯುವುದು ಯಾವುದೂ ಬೇಡ. ಮೂಲ ಆಟದಲ್ಲೂ ಜಾಗದ ಮಾಲೀಕರು ಒಪ್ಪದೆ ನೆಲ ಅಗೆದು ಡಬ್ಬಿ ಇಡುವಂತಿಲ್ಲ. ನಡುವಿನ ಜಾಗಗಳಲ್ಲಿ ಏನನ್ನೂ ಇಡದೆ ಬರೀ ನೋಡಿ ಎಣಿಸುವ ಪ್ರಶ್ನೆ ಹಾಕಿ. ಕೊನೆಯ ಪೆಟ್ಟಿಗೆ ಮಾತ್ರ ಒಪ್ಪಿದವರ ಮನೆಯಲ್ಲೋ ಅಂಗಡಿಯಲ್ಲೋ ಇರಲಿ.

ನನ್ನ ಮನವಿ ಇಷ್ಟು. ರಜೆಗೆ ಬಂದ ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಒಂದೇ ದಿನಕ್ಕೆ ಎಂಟು ಜಾಗ ತೋರಿಸಬೇಡಿ. ನಾಲ್ಕೇ ಜಾಗ ಸಾಕು, ಅವರೇ ಹುಡುಕಲಿ. ದಾರಿ ತಪ್ಪಲಿ, ಯಾರನ್ನಾದರೂ ಕೇಳಲಿ. ಇದಕ್ಕೆ ದುಡ್ಡು ಬೇಡ. ಒಂದು ಫೋನ್, ನಾಲ್ಕು ಚೀಟಿ, ನಿಮ್ಮ ಒಂದು ಸಂಜೆ. ಚೀಟಿ ಬರೆಯಲು ಹೋದಾಗ ನಿಮಗೂ ನಿಮ್ಮೂರು ಹೊಸದಾಗಿ ಕಾಣುತ್ತದೆ. ನಾನು ಪುರಭವನದ ಕಂಬ ಎಣಿಸಿದ್ದು ನನ್ನ ನಲವತ್ತಾರನೇ ವಯಸ್ಸಿನಲ್ಲಿ.

ಮುಂದಿನ ಹುಡುಕಾಟ ಶ್ರೀರಂಗಪಟ್ಟಣದಲ್ಲಿ. ಅದಕ್ಕೆ ಈಗಲೇ ಓದುತ್ತಿದ್ದೇನೆ. 1799ರ ಯುದ್ಧದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇದ್ದ. ಒಂದು ರಾತ್ರಿ ಸೈನ್ಯ ತಪ್ಪು ದಿಕ್ಕಿಗೆ, ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದೆ ಅಂತ ನಕ್ಷತ್ರ ನೋಡಿ ಹೇಳಿದವನು ಅವನು. ಮುಂದೆ ಇಡೀ ದೇಶವನ್ನು ತ್ರಿಕೋನ ಹಿಡಿದು ಅಳೆಯುವ ದೊಡ್ಡ ಮೋಜಣಿಗೆ ಕೈ ಹಾಕಿದ, 1802ರಲ್ಲಿ ಮದ್ರಾಸಿನಲ್ಲಿ ಮೊದಲ ಗೆರೆ ಅಳೆದ. ನಕ್ಷತ್ರ ನೋಡಿ ದಾರಿ ಕಂಡ ಅದೇ ನೆಲದಲ್ಲಿ ನಮ್ಮ ಮಕ್ಕಳು ಉಪಗ್ರಹದ ಸಹಾಯದಿಂದ ದಾರಿ ಹುಡುಕುತ್ತಾರೆ. ಇದನ್ನು ಮೊದಲ ಚೀಟಿಯಲ್ಲಿ ಹಾಕಬೇಕು.

ಇನ್ನೊಂದು ಜಾಗ ಟಿಪ್ಪು ಕಾಲದ ಮದ್ದುಗುಂಡಿನ ಮನೆ. ಜೋಡಿ ರೈಲು ಹಳಿಗೆ ಅಡ್ಡ ಬರುತ್ತದೆ ಅಂತ 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ಇನ್ನೂರು ವರ್ಷ ಒಂದೇ ಕಡೆ ನಿಂತಿದ್ದ ಕಟ್ಟಡದ ಅಕ್ಷಾಂಶ ರೇಖಾಂಶವೇ ಬದಲಾಯಿತು! ಮಕ್ಕಳು ಎರಡೂ ಜಾಗದಲ್ಲಿ ನಿಂತು, ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆಯಬೇಕು ಅನ್ನುವುದು ನನ್ನ ಆಸೆ. ರೈಲು ಹಳಿಯ ಹತ್ತಿರಕ್ಕೆ ಹೋಗದೆ ಅದು ಹೇಗೆ ಸಾಧ್ಯ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಆ ಕಟ್ಟಡ ಸರಿಸಿದ್ದನ್ನು ಕಣ್ಣಾರೆ ಕಂಡವರು, ಶ್ರೀರಂಗಪಟ್ಟಣದ ಕೋಟೆಯೊಳಗೆ ಮನೆ ಇರುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಮಕ್ಕಳು ನಿಮ್ಮ ಮನೆ ಬಾಗಿಲಿಗೆ ಬಂದು ಆ ಕತೆ ಕೇಳುವುದೇ ಒಂದು ಸುಳಿವಾಗಲಿ. ಕೊನೆಯ ಪೆಟ್ಟಿಗೆ ಇಡಲು ಒಂದು ಅಂಗಡಿಯೂ ಬೇಕು.