ಕುಕೀಸ್‌ಗೂ ಸಿಕ್ಕಿತು ಆರೋಗ್ಯ ಭಾಗ್ಯ

ಡಿಸೆಂಬರ್ ಬಂತೆಂದರೆ ಮೊಬೈಲ್ ತುಂಬ ರಾಗಿ ಕುಕೀಸ್ ವಿಡಿಯೋ. ಮೈದಾ ಇಲ್ಲ, ಸಕ್ಕರೆ ಇಲ್ಲ, ಓವನ್ನೂ ಬೇಡ. ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಗ್ಯಾಸ್ಕೆಟ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾಕು. ಬೆಲ್ಲ ಹಾಕುವಾಗ ವಿಡಿಯೋದ ಅಕ್ಕ "ಇದು ಸಾವಯವ, ಕೆಮಿಕಲ್ ಇಲ್ಲ" ಅಂತ ಎರಡೆರಡು ಸಲ ಹೇಳುತ್ತಾರೆ. ತುಪ್ಪವೂ ಮನೆಯದೇ. ನಾವು ಸತ್ಯನಾರಾಯಣ ಪೂಜೆಗೆ ಕೂತವರ ಹಾಗೆ ನೋಡುತ್ತೇವೆ. ಕೊನೆಯಲ್ಲಿ ಪ್ಯಾಕೆಟ್ಟಿನಿಂದ ಒಂದು ಕಂದು ಚಾಕೊಲೇಟ್ ಹಲಗೆ ಹೊರಬರುತ್ತದೆ. ಅದನ್ನು ಚೂರು ಮಾಡಿ, ಬಿಸಿನೀರಿನ ಮೇಲೆ ಬಟ್ಟಲಿಟ್ಟು ಕರಗಿಸಿ, ಕುಕೀಸನ್ನು ಅರ್ಧಕ್ಕೆ ಅದ್ದಿ ಎತ್ತಿದರೆ ಮುಗೀತು. ಮಕ್ಕಳಿಗೆ ಹೆಲ್ದಿ ಚಾಕೊಲೇಟ್ ಕುಕೀಸ್!

ಆ ಹಲಗೆಯ ಪ್ಯಾಕೆಟ್ಟನ್ನು ಸುಮ್ನೆ ಒಮ್ಮೆ ತಿರುಗಿಸಿ ನೋಡಿ. ಮುಂದೆ ದೊಡ್ಡದಾಗಿ ಕೋಕೋ ಹಣ್ಣಿನ ಚಿತ್ರ. ಹಿಂದೆ ಇರುವೆ ಗಾತ್ರದ ಅಕ್ಷರ. ಸಾಮಾನ್ಯವಾಗಿ ಮೊದಲು ಸಕ್ಕರೆ, ಆಮೇಲೆ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು, ಅದಾದ ಮೇಲೆ ಕೋಕೋ. ಯಾವುದರ ತೂಕ ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ಕಾನೂನಿದೆ. ಅಂದರೆ ಸಕ್ಕರೆ ಬೇಡವೆಂದು ಊರೆಲ್ಲ ಸುತ್ತಿ ಬೆಲ್ಲ ತಂದವರು, ಕೊನೆಗೆ ಸಕ್ಕರೆಯಲ್ಲೇ ಮುಳುಗಿಸಿ ತೆಗೆದರು. ಈ ಹಲಗೆಯ ಹೆಸರು ಕಾಂಪೌಂಡ್, ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು.

ಅಕ್ಕನ ಕಷ್ಟವೂ ಅರ್ಥವಾಗುತ್ತದೆ. ನಿಜವಾದ ಚಾಕೊಲೇಟಿನ ಗತ್ತು ಸಾಮಾನ್ಯದ್ದಲ್ಲ. ಕೋಕೋ ಬೆಣ್ಣೆ ಹೆಚ್ಚುಕಡಿಮೆ 34 ಡಿಗ್ರಿಗೇ ಕರಗುತ್ತದೆ. ಬಾಯಲ್ಲಿಟ್ಟ ಕೂಡಲೇ ಕರಗುವ ಸುಖ ಅದರಿಂದಲೇ. ಡಾರ್ಕ್ ಚಾಕೊಲೇಟನ್ನು 45 ಡಿಗ್ರಿಗೆ ಕಾಯಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಆಮೇಲೆ ಅದ್ದಬೇಕು. ಇಲ್ಲದಿದ್ದರೆ ಮೈಮೇಲೆ ಬಿಳಿ ಮಚ್ಚೆ. ಒಂದು ಹನಿ ನೀರು ಬಿದ್ದರೂ ಮುದ್ದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಅಡುಗೆಮನೆಯೇ 34 ಡಿಗ್ರಿ ಇರುತ್ತದೆ, ಇನ್ನು ಇಳಿಸುವುದೆಲ್ಲಿ? ಕಾಂಪೌಂಡ್‌ಗೆ ನೀರಿನ ಭಯವೊಂದು ಬಿಟ್ಟರೆ ಈ ಯಾವ ತಕರಾರೂ ಇಲ್ಲ. ಪಾಪ, ಸಾಧು ಪ್ರಾಣಿ.

ಇಂಥ ವಿಷಯದಲ್ಲಿ ಬ್ರಿಟನ್ನಿನವರನ್ನು ಮೆಚ್ಚಬೇಕು. ಅಲ್ಲಿ ಸಾದಾ ಬಿಸ್ಕತ್ತಿಗೆ ವ್ಯಾಟ್ ತೆರಿಗೆ ಸೊನ್ನೆ, ಚಾಕೊಲೇಟ್ ಹೊದ್ದುಕೊಂಡರೆ 20 ಪರ್ಸೆಂಟ್. ಶುಂಠಿ ಬಿಸ್ಕತ್ತಿನ ಗೊಂಬೆಗೆ ಚಾಕೊಲೇಟಿನಲ್ಲಿ ಎರಡು ಚುಕ್ಕೆ ಕಣ್ಣಿಟ್ಟರೆ ಪರವಾಗಿಲ್ಲ. ಅಂಗಿಗೆ ಗುಂಡಿಯನ್ನೂ ಇಟ್ಟಿರೋ, ಕಟ್ಟಿ ತೆರಿಗೆ! ಗೊಂಬೆಗೆ ಕಣ್ಣು ಇರಬಹುದು, ಮಾನ ಇರುವಂತಿಲ್ಲ. 1991ರಲ್ಲಿ ಜಾಫಾ ಕೇಕ್ ಎಂಬ ಚಾಕೊಲೇಟ್ ಹೊದ್ದ ತಿಂಡಿ ಕೇಕೋ ಬಿಸ್ಕತ್ತೋ ಅಂತ ನ್ಯಾಯಮಂಡಳಿಯಲ್ಲೇ ವಾದ ನಡೆಯಿತು. ಹಳತಾದರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬಂತು. ಕೇಕ್ ಗೆದ್ದಿತು, ತೆರಿಗೆ ತಪ್ಪಿತು. ನಾವೇನು ಕಮ್ಮಿ? 2024ರಲ್ಲಿ ಪಾಪ್‌ಕಾರ್ನ್‌ಗೇ ಮೂರು ಜಿಎಸ್‌ಟಿ ದರ ಹೇಳಿ ನಗಿಸಿದವರಲ್ವಾ! ಆದರೆ 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟಿಗೂ 5 ಪರ್ಸೆಂಟ್, ಬಿಸ್ಕತ್ತಿಗೂ 5. ನಮ್ಮಂಥ ಅಂಕಣಕಾರರ ಹೊಟ್ಟೆಗೆ ಹೊಡೆದರು.

ಮಡಿಕೇರಿಗೆ ಹೋದರೆ ಹೆಜ್ಜೆಗೊಂದು 'ಹೋಂ ಮೇಡ್ ಚಾಕೊಲೇಟ್' ಬೋರ್ಡು. ಯಾರ ಹೋಂ ಅಂತ ಕೇಳಬಾರದು. ಎಷ್ಟೋ ಕಡೆ ಕರಗುವುದು ಇದೇ ಹಲಗೆ. ಅದೇ ಪಕ್ಕದ ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಕೋಕೋ ಬೆಳೆಯುತ್ತಾರೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಇದೆ. 2024ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿತು, ಮರುವರ್ಷ ದಬದಬನೆ ಬಿತ್ತು. ಏರಿದಾಗಲೂ ನಮ್ಮ ಬಟ್ಟಲಲ್ಲಿ ಕಾಂಪೌಂಡೇ, ಇಳಿದಾಗಲೂ ಕಾಂಪೌಂಡೇ. ಎಂಥ ಸ್ಥಿರತೆ!

ತಮಾಷೆ ಸಾಕು. ಮಕ್ಕಳು ಸಿಹಿ ತಿನ್ನಲಿ, ಕಾಂಪೌಂಡನ್ನೇ ತಿನ್ನಲಿ, ಹಬ್ಬದ ದಿನ ಯಾರು ಬೇಡ ಅಂದರು? ಆದರೆ ರಾಗಿಯನ್ನು ಮುಂದೆ ನಿಲ್ಲಿಸಿ, ಹೆಲ್ದಿ ಅಂತ ನಂಬಿಸಿ, ಡಬ್ಬಿಗೆ ತುಂಬಿ ಶಾಲೆಗೆ ದಿನಾ ಕಳಿಸುವುದು ಯಾಕೆ? ಬೆಲ್ಲದ ಜಾತಕವನ್ನೆಲ್ಲ ಓದಿ ಹೇಳುವವರಿಗೆ ಆ ಹಲಗೆಯ ಹೆಸರು ಹೇಳಲು ಏನು ದಾಡಿ?