ಬ್ರಿಟನ್ನಿನ ಎರಡು ಪರ್ಸೆಂಟ್ ಲೇಸರ್

‘ವಿಜ್ಞಾನದ ಸೂಪರ್‌ಪವರ್’ ಅಂತ ಬ್ರಿಟನ್ ಸರ್ಕಾರ ತನ್ನನ್ನೇ ಕರೆದುಕೊಂಡಾಗಲೆಲ್ಲ ನನಗೆ ಜರ್ಮನಿಯ ಹ್ಯಾಂಬರ್ಗಿನ ಎಕ್ಸ್‌ರೇ ಲೇಸರ್ ನೆನಪಾಗುತ್ತದೆ. ಹೆಸರು ಯುರೋಪಿಯನ್ ಎಕ್ಸ್‌ಫೆಲ್. ಅಣು ಪರಮಾಣುಗಳ ಚಿತ್ರ ತೆಗೆಯೋಕೆ ಹಲವು ದೇಶಗಳು ಕೂಡಿ ಕಟ್ಟಿದ ಯಂತ್ರ. ಅದರ ಕತೆ ಕೇಳಿ. ಯೋಜನೆ ಮಾಡುವಾಗ ಬ್ರಿಟನ್ ಜೊತೆಗೇ ಕೂತಿತ್ತು. 2009ರಲ್ಲಿ ಒಪ್ಪಂದಕ್ಕೆ ಸಹಿ ಹಾಕೋ ಹೊತ್ತಿಗೆ ಜೇಬು ತಡಕಿಕೊಂಡು ಎದ್ದು ಹೋಯಿತು. 2014ರಲ್ಲಿ ‘ಸೇರ್ತೀವಿ’ ಅಂದಿತು. 2017ರ ಸೆಪ್ಟೆಂಬರಿನಲ್ಲಿ ಲೇಸರಿನ ಉದ್ಘಾಟನೆಯೂ ಮುಗಿಯಿತು. ಸಹಿ ಬಿದ್ದದ್ದು 2018ರ ಮಾರ್ಚಿನಲ್ಲಿ. ಎಂಥ ತಾಳ್ಮೆ ಅಂತೀರಿ!

ಆ ಯಂತ್ರಕ್ಕೆ ತಾಳ್ಮೆ ಇಲ್ಲ ನೋಡಿ. 3.4 ಕಿಲೋಮೀಟರ್ ಸುರಂಗ. ಎಲೆಕ್ಟ್ರಾನುಗಳನ್ನು ಓಡಿಸುವ ಭಾಗವನ್ನು ಮೈನಸ್ 271 ಡಿಗ್ರಿಗೆ ತಣ್ಣಗಿಡುತ್ತಾರೆ. ಸೆಕೆಂಡಿಗೆ 27,000 ಎಕ್ಸ್‌ರೇ ಮಿಂಚು. ಅವೂ ಸಮನಾಗಿ ಬರೋದಿಲ್ಲ. ಸೆಕೆಂಡಿಗೆ ಹತ್ತು ಸಲ, ಸಲಕ್ಕೆ 2,700ರಂತೆ ದಬದಬ ಬಂದು ಬೀಳುತ್ತವೆ. ಮಾಮೂಲಿ ಕ್ಯಾಮೆರಾ ಒಂದು ಚಿತ್ರವನ್ನು ಹೊರಗೆ ಕಳಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ಚಿತ್ರಗಳನ್ನು ತನ್ನ ಎಲೆಕ್ಟ್ರಾನಿಕ್ ಚಿಪ್‌ನೊಳಗೇ ಬಚ್ಚಿಟ್ಟುಕೊಂಡು, ಮಧ್ಯೆ ಸಿಗುವ ಬಿಡುವಿನಲ್ಲಿ ಹೊರಹಾಕುವ ಹತ್ತು ಲಕ್ಷ ಪಿಕ್ಸೆಲ್‌ನ ಕ್ಯಾಮೆರಾ ಒಂದನ್ನು ಮಾಡಿದರು.

ಮಾಡಿದ್ದು ಎಲ್ಲಿ? ಆಕ್ಸ್‌ಫರ್ಡ್‌ಶೈರಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದಲ್ಲಿ. ಬ್ರಿಟನ್ನಿನಲ್ಲೇ! ಮದುವೆಗೆ ಹೋಳಿಗೆ ತಟ್ಟಿಕೊಟ್ಟು, ಮುಯ್ಯಿಗೆ ಕಾಸಿಲ್ಲ ಅಂತ ಛತ್ರದ ಹೊರಗೇ ನಿಂತ ಹಾಗೆ.

ಅಂದಹಾಗೆ, ಆ ಸುರಂಗ ಶುರುವಾಗುವ ಡೆಸಿ ಎಂಬ ಜರ್ಮನ್ ಸಂಶೋಧನಾ ಕೇಂದ್ರದ ಆವರಣದಲ್ಲೇ ಪೆಟ್ರಾ-3 ಅನ್ನೋ ಇನ್ನೊಂದು ಎಕ್ಸ್‌ರೇ ಯಂತ್ರ ಇದೆ. ನಮ್ಮ ವಿಜ್ಞಾನಿಗಳು ಅಲ್ಲಿಗೆ ಹೋಗಿ ಪ್ರಯೋಗ ಮಾಡುವ ಏರ್ಪಾಡನ್ನು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ನೋಡಿಕೊಳ್ಳುತ್ತದೆ. ಇದಕ್ಕೆ ಯಾರೂ ಡಂಗುರ ಸಾರಲಿಲ್ಲ. ನಮ್ಮ ಡಂಗುರಗಳು ಬೇರೆ ವಿಷಯಗಳಿಗೆ ಮೀಸಲು, ಅದು ಬಿಡಿ.

2009ಕ್ಕೆ ಬರೋಣ. ಆಗ ಹಣಕ್ಕೆ ನಿಜವಾಗಲೂ ತತ್ವಾರ ಇತ್ತು. ಪೌಂಡ್ ಬಿದ್ದಿತ್ತು, ಹೊರದೇಶದ ವಿಜ್ಞಾನ ಕೂಟಗಳ ಚಂದಾ ಏರಿತ್ತು. ಪಾಪ ಅನ್ನೋಣವೇ? ಅದೇ ಆರ್ಥಿಕ ಬಿಕ್ಕಟ್ಟಿನಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಎಂಬ ಒಂದೇ ಬ್ಯಾಂಕಿಗೆ ಸುಮಾರು 4,500 ಕೋಟಿ ಪೌಂಡ್ ಸುರಿದರು. ಲೇಸರಿಗೆ ಕೊನೆಗೆ ತೆಗೆದಿಟ್ಟದ್ದು 3 ಕೋಟಿ ಪೌಂಡ್. ಹೆಚ್ಚೆಂದರೆ.

ಸಾಕು ತಮಾಷೆ. ಒಂಬತ್ತು ವರ್ಷ ಅಂದರೆ ಒಬ್ಬ ಹುಡುಗಿ ಪಿಎಚ್‌ಡಿ ಮುಗಿಸಿ, ಎರಡು ಕಡೆ ತಾತ್ಕಾಲಿಕ ಕೆಲಸ ಮಾಡಿ, ಬೇಸತ್ತು ಬ್ಯಾಂಕು ಸೇರುವಷ್ಟು ಕಾಲ. ಯಾವ ಉಪಕರಣ ಎಲ್ಲಿರಬೇಕು, ಮೊದಲು ಏನು ಕಟ್ಟಬೇಕು ಅನ್ನೋದೆಲ್ಲ ಆ ವರ್ಷಗಳಲ್ಲೇ ತೀರ್ಮಾನವಾಯಿತು. ಆ ಮೇಜಿನ ಸುತ್ತ ಬ್ರಿಟನ್ನಿನ ಕುರ್ಚಿ ಇರಲಿಲ್ಲ. ಇದಕ್ಕೆ ಯಾರಾದರೂ ಉತ್ತರ ಕೊಟ್ಟರೇ? ಇಲ್ಲ. ಇಂಥದ್ದಕ್ಕೆ ಯಾವ ಸರ್ಕಾರವೂ ಕೊಡೋದಿಲ್ಲ.

ಈಗ ಬ್ರಿಟನ್ ಹನ್ನೆರಡನೆಯ ಸದಸ್ಯ. ಕಟ್ಟಿದ ಖರ್ಚಿನಲ್ಲಿ ಅದರ ಪಾಲು ಸುಮಾರು ಶೇ 2. ರಷ್ಯಾದ್ದು ಶೇ 27. ಸಹಿ ಹಾಕಿದ್ದು ಬರ್ಲಿನ್‌ನಲ್ಲಿ. ಎಕ್ಸ್‌ಫೆಲ್ ಯುರೋಪಿಯನ್ ಯೂನಿಯನ್ನಿನ ಸಂಸ್ಥೆಯಲ್ಲ, ಜರ್ಮನ್ ಕಾನೂನಿನಡಿ ಇರುವ ಒಂದು ಕಂಪನಿ. ಹಾಗಾಗಿ ಬ್ರೆಕ್ಸಿಟ್ ಅಡ್ಡ ಬರಲಿಲ್ಲ. ಆದರೂ ಯುರೋಪಿನಿಂದ ಹೊರಡುತ್ತೇವೆ ಅಂತ ಬ್ರಸೆಲ್ಸ್‌ಗೆ ಕಾಗದ ಕೊಟ್ಟು ಆಗಿನ್ನೂ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು, ಅಷ್ಟೇ.